ಸುಂದರಬನ: ಗೆರೆಯ ಆಚೆ ಮತ್ತು ಈಚೆ



ಭಾರತದ ನೈಸರ್ಗಿಕ ಸಸ್ಯವರ್ಗವನ್ನು ಕುರಿತ ಪಾಠದಲ್ಲಿ ಸುಂದರಬನಕ್ಕೆ ಸಾಮಾನ್ಯವಾಗಿ ದೊರೆಯುವುದು ಎರಡು ಮೂರು ವಾಕ್ಯಗಳು ಮಾತ್ರ. ಗಂಗಾ ಬ್ರಹ್ಮಪುತ್ರಾ ನದಿಗಳ ಮುಖಜಭೂಮಿಯಲ್ಲಿ ಮ್ಯಾಂಗ್ರೋವ್ ಕಾಡುಗಳಿವೆ; ಅಲ್ಲಿ ಸುಂದರಿ ಎಂಬ ಮರ ಹೇರಳವಾಗಿ ಬೆಳೆಯುವುದರಿಂದ ಆ ಹೆಸರು ಬಂದಿತೆನ್ನುತ್ತಾರೆ; ಆ ಕಾಡು ಬಂಗಾಳದ ಹುಲಿಯ ನೆಲೆವೀಡು. ಪರೀಕ್ಷೆಯಲ್ಲಿ ಬಿಟ್ಟ ಸ್ಥಳವನ್ನು ತುಂಬುವುದಕ್ಕೆ ಇಷ್ಟು ಸಾಕು. ಆದರೆ ಈ ವಾಕ್ಯಗಳಲ್ಲಿ ಮನುಷ್ಯರು ಎಲ್ಲಿಯೂ ಕಾಣುವುದಿಲ್ಲವೆಂಬುದನ್ನು ಗಮನಿಸಿ. ಭಾರತದ ಭಾಗದ ಸುಂದರಬನ ಪ್ರದೇಶವೊಂದರಲ್ಲಿಯೇ ಸುಮಾರು 45 ಲಕ್ಷ ಜನರು ವಾಸಿಸುತ್ತಾರೆ. ಅವರ ಚರಿತ್ರೆಯನ್ನು ಈ ಲೇಖನದಲ್ಲಿ ಸಾಧ್ಯವಾದಷ್ಟು ಕ್ರಮವಾಗಿ ಹೇಳುವ ಆಸೆ ನನ್ನದು. ಆ ಚರಿತ್ರೆಯನ್ನು ಒಂದೇ ಮಾತಿನಲ್ಲಿ ಹೇಳಬೇಕೆಂದರೆ ಅದು ಗೆರೆಗಳ ಚರಿತ್ರೆ. ಕಾಡು ಎಲ್ಲಿಗೆ ಮುಗಿಯಬೇಕು, ಊರು ಎಲ್ಲಿಂದ ಆರಂಭವಾಗಬೇಕು ಎಂದು ದೂರದ ಕಚೇರಿಗಳಲ್ಲಿ ಕುಳಿತವರು ಮತ್ತೆ ಮತ್ತೆ ಎಳೆದ ಗೆರೆಗಳು, ಮತ್ತು ಆ ಗೆರೆಗಳ ಆಚೆ ಈಚೆ ಬದುಕಿದವರ ಪಾಡು.

ಮೊದಲು ಭೂಗೋಳ. ಸುಂದರಬನವು ಸುಮಾರು 10,000 ಚದರ ಕಿಲೋಮೀಟರುಗಳಷ್ಟು ವಿಸ್ತಾರವಾದ ಕಾಡು. ಇದರಲ್ಲಿ ಸುಮಾರು 6,000 ಚದರ ಕಿಲೋಮೀಟರು ಬಾಂಗ್ಲಾದೇಶಕ್ಕೂ, ಉಳಿದದ್ದು ನಮ್ಮ ಪಶ್ಚಿಮ ಬಂಗಾಳಕ್ಕೂ ಸೇರಿದೆ. ಉತ್ತರ ಕನ್ನಡದ ಕಡೆಯವರು ಕಾಂಡ್ಲಾ ಎಂದು ಕರೆಯುವ ಗಿಡಗಳ ಬಂಧುಗಳೇ ಇಲ್ಲಿನ ಮರಗಳು. ನಮ್ಮ ಅಳಿವೆಗಳಲ್ಲಿ ಕಾಂಡ್ಲಾ ದಡದ ಅಂಚಿನಲ್ಲಿ ತೋರಣದಂತೆ ಹಬ್ಬಿದ್ದರೆ, ಅಲ್ಲಿ ಅದೇ ಮಹಾರಣ್ಯ. ಭಾರತದ ಭಾಗದಲ್ಲಿ 102 ದ್ವೀಪಗಳಿವೆಯೆಂದು ಲೆಕ್ಕ. ಅವುಗಳಲ್ಲಿ 54 ಜನವಸತಿಯವು, 48 ಕಾಡಿನವು. ದಿನಕ್ಕೆ ಎರಡು ಬಾರಿ ಸಮುದ್ರವು ಉಬ್ಬರದಲ್ಲಿ ನದಿಗಳೊಳಗೆ ನುಗ್ಗಿ ಬರುತ್ತದೆ, ಎರಡು ಬಾರಿ ಇಳಿದುಹೋಗುತ್ತದೆ. ನದಿಗಳು ತಂದ ಮೆಕ್ಕಲನ್ನು ಉಬ್ಬರವು ದ್ವೀಪಗಳ ಮೇಲೆ ಹರಡುತ್ತದೆ. ಹೀಗೆ ತೆಳುವಾದ ಪದರದ ಮೇಲೆ ಪದರ ಕೂಡಿ ನೆಲ ಮೇಲೇಳುತ್ತದೆ. ಅಲ್ಲಿನ ಭೂಮಿಯನ್ನು ಕಟ್ಟುವ ಕೆಲಸ ಇನ್ನೂ ಮುಗಿದಿಲ್ಲ ಎಂಬ ಈ ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳಿ; ಮುಂದೆ ಬರುವ ಅನೇಕ ದುರಂತಗಳ ಮೂಲ ಇಲ್ಲಿಯೇ ಇದೆ.

ಸುಂದರಬನವು ಆದಿಕಾಲದಿಂದಲೂ ಮನುಷ್ಯನು ಕಾಲಿಡದ ಕಾಡಾಗಿತ್ತೆಂಬ ಭಾವನೆ ಸಾಮಾನ್ಯವಾಗಿದೆ. ಅದು ನಿಜವಲ್ಲ. ಮಥುರಾಪುರದ ಸಮೀಪದ ಜಟಾರ್ ದೇವುಲ್ ಎಂಬ ಎತ್ತರವಾದ ಇಟ್ಟಿಗೆಯ ದೇವಾಲಯವು ಸಾವಿರ ವರ್ಷಗಳ ಹಿಂದಿನದೆಂದು ಪರಿಗಣಿತವಾಗಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಕಾಡನ್ನು ಕಡಿಯುವಾಗ ಅದು ಬೆಳಕಿಗೆ ಬಂತು. ಈಗಿನ ಬಾಂಗ್ಲಾದೇಶದ ಬಾಗೇರ್‌ಹಾಟ್‌ನಲ್ಲಿ ಹದಿನೈದನೆಯ ಶತಮಾನದಲ್ಲಿ ಖಾನ್ ಜಹಾನ್ ಅಲಿ ಎಂಬ ಸೂಫಿ ಅಧಿಪತಿಯು ಕಾಡನ್ನು ಕಡಿಸಿ, ಕೆರೆಗಳನ್ನು ತೋಡಿಸಿ, ಊರನ್ನು ನಿಲ್ಲಿಸಿದನು. 1459ರಲ್ಲಿ ತೀರಿಕೊಂಡ ಅವನ ಸಮಾಧಿಗೆ ಇಂದಿಗೂ ಜನರು ನಡೆದುಕೊಳ್ಳುತ್ತಾರೆ. ಹದಿನೇಳನೆಯ ಶತಮಾನದಲ್ಲಿ ಅರಾಕಾನಿನ ಮತ್ತು ಪೋರ್ಚುಗೀಸರ ಕಡಲ್ಗಳ್ಳರು ಈ ದ್ವೀಪಗಳ ಮೇಲೆ ದಾಳಿಮಾಡಿ ಜನರನ್ನು ಗುಲಾಮರನ್ನಾಗಿ ಸೆರೆಹಿಡಿದು ಒಯ್ದರು. ಆ ಕಾಲದಲ್ಲಿ ಇಲ್ಲಿ ಸಂಚರಿಸಿದ ಫ್ರೆಂಚ್ ಪ್ರವಾಸಿ ಬರ್ನಿಯೇ ಇಂತಹ ದಾಳಿಗಳಿಂದ ಪಾಳುಬಿದ್ದ ದ್ವೀಪಗಳ ವಿಚಾರವನ್ನು ಬರೆದಿದ್ದಾನೆ. ಜನರು ಬರುವುದು, ನದಿ ದಿಕ್ಕು ಬದಲಿಸುವುದು, ಕಳ್ಳರೋ ಬಿರುಗಾಳಿಯೋ ಬಂದು ಊರು ಬರಿದಾಗುವುದು, ಕಾಡು ಮರಳಿ ಹಬ್ಬುವುದು, ಮತ್ತೆ ಜನರು ಬರುವುದು: ಹೀಗೆ ಕಾಡು ಮತ್ತು ಊರು ಒಂದರ ಜಾಗದಲ್ಲಿ ಇನ್ನೊಂದು ನಿಲ್ಲುತ್ತ ಬಂದವು. ಆ ಕಾಲದಲ್ಲಿ ಅವುಗಳ ನಡುವೆ ಸ್ಥಿರವಾದ ಗೆರೆಯಿರಲಿಲ್ಲ.

ಗೆರೆಯನ್ನು ತಂದದ್ದು ಈಸ್ಟ್ ಇಂಡಿಯಾ ಕಂಪನಿ. ಕಂದಾಯವಿಲ್ಲದ ಭೂಮಿ ಎಂಬುದು ಕಂಪನಿಯ ಕಣ್ಣಿಗೆ ಪಾಳುಭೂಮಿ. 1780ರ ದಶಕದಲ್ಲಿ ಜೆಸ್ಸೋರಿನ ಮ್ಯಾಜಿಸ್ಟ್ರೇಟನಾಗಿದ್ದ ಟಿಲ್ಮನ್ ಹೆಂಕೆಲ್ ಎಂಬವನು ಕಾಡನ್ನು ತುಂಡುತುಂಡಾಗಿ ಗುತ್ತಿಗೆಗೆ ಕೊಟ್ಟು ಸಾಗುವಳಿಗೆ ತರುವ ಯೋಜನೆಯನ್ನು ಕೈಗೊಂಡನು. 1828ರ ಕಾನೂನು ಸುಂದರಬನವೆಲ್ಲವೂ ಸರ್ಕಾರದ ಸ್ವತ್ತೆಂದು ಸಾರಿತು. ಮರುವರ್ಷವೇ ಡ್ಯಾಂಪಿಯರ್ ಎಂಬ ಆಯುಕ್ತನೂ ಹಾಜಸ್ ಎಂಬ ಮೋಜಣಿಯ ಅಧಿಕಾರಿಯೂ ಸೇರಿ ಕಾಡಿನ ಉತ್ತರದ ಅಂಚನ್ನು ಅಳೆದು ನಕ್ಷೆಯ ಮೇಲೆ ಗೆರೆಯೆಳೆಯಲು ತೊಡಗಿದರು. 1830ರ ಹೊತ್ತಿಗೆ ಅದು ಪೂರ್ಣವಾಯಿತು. ಡ್ಯಾಂಪಿಯರ್ ಹಾಜಸ್ ರೇಖೆ ಎಂದು ಅದಕ್ಕೆ ಇಂದಿಗೂ ಹೆಸರು; ಸುಂದರಬನ ಪ್ರದೇಶದ ಉತ್ತರದ ಎಲ್ಲೆಯನ್ನು ಈಗಲೂ ಅದರಿಂದಲೇ ಗುರುತಿಸುತ್ತಾರೆ. ಗೆರೆಯ ದಕ್ಷಿಣದ ನೆಲವನ್ನು 236 ಲಾಟುಗಳಾಗಿ ವಿಂಗಡಿಸಿ ಸಂಖ್ಯೆ ಹಚ್ಚಲಾಯಿತು. ನಮ್ಮ ಬಂಧುಗಳಲ್ಲಿ ಗಂಗಾಸಾಗರದ ಯಾತ್ರೆ ಮಾಡಿದವರು ಕಾಕ್‌ದ್ವೀಪದ ಬಳಿ ಸಾಗರ ದ್ವೀಪಕ್ಕೆ ದೋಣಿ ಹತ್ತಿದ ಸ್ಥಳವನ್ನು ನೆನಪಿಸಿಕೊಳ್ಳಲಿ. ಅದರ ಹೆಸರು ‘ಲಾಟ್ ನಂಬರ್ 8’. ಪುಣ್ಯಕ್ಷೇತ್ರದ ಹೆಬ್ಬಾಗಿಲಿಗೆ ಕಂದಾಯ ಕಚೇರಿಯ ಅಂಕಿಯೇ ಹೆಸರಾಗಿ ನಿಂತಿದೆ.

ಲಾಟುಗಳನ್ನು ಗುತ್ತಿಗೆ ಹಿಡಿದ ಜಮೀನ್ದಾರರು ಬಹುಮಟ್ಟಿಗೆ ಕಲ್ಕತ್ತೆಯಲ್ಲಿದ್ದರು. ಕಾಡು ಕಡಿಯುವುದಕ್ಕೆ ಛೋಟಾನಾಗಪುರದಿಂದ ಮುಂಡಾ, ಒರಾಂವ್, ಸಂತಾಲ ಜನರನ್ನು ಕರೆತಂದರು. ಬಂಗಾಳದ ಇತರ ಜಿಲ್ಲೆಗಳಿಂದ ಪೌಂಡ್ರರು, ನಾಮಶೂದ್ರರು, ಬಡ ಮುಸಲ್ಮಾನ ರೈತರು ನೆಲದ ಆಸೆಯಿಂದ ಬಂದರು. ಇವರು ಮೊದಲು ಮಾಡಬೇಕಾಗಿದ್ದ ಕೆಲಸವೆಂದರೆ ದ್ವೀಪದ ಸುತ್ತ ಮಣ್ಣಿನ ಒಡ್ಡು ಕಟ್ಟುವುದು. ನಮ್ಮ ಕುಮಟಾ ಅಂಕೋಲಾ ಕಡೆಯ ಗಜನಿ ಗದ್ದೆಗಳನ್ನು ಕಂಡವರಿಗೆ ಈ ಕೆಲಸದ ಸ್ವರೂಪ ಗೊತ್ತು: ಉಪ್ಪುನೀರನ್ನು ಹೊರಗಿಟ್ಟು ಮಳೆಯ ನೀರಿನಲ್ಲಿ ಭತ್ತ ಬೆಳೆಯುವುದು. ಆದರೆ ಸುಂದರಬನದಲ್ಲಿ ಒಂದು ವಿಶೇಷ ತೊಡಕಿದೆ. ಮೇಲೆ ಹೇಳಿದಂತೆ ಅಲ್ಲಿ ನೆಲವಿನ್ನೂ ಮೆಕ್ಕಲಿನಿಂದ ಬೆಳೆಯುತ್ತಿತ್ತು. ಒಡ್ಡು ಕಟ್ಟಿದ ಕೂಡಲೇ ಮೆಕ್ಕಲು ಬರುವುದು ನಿಂತು ಒಳಗಿನ ನೆಲ ಇದ್ದ ಎತ್ತರಕ್ಕೇ ನಿಂತಿತು, ಕ್ರಮೇಣ ಕುಸಿಯಿತು. ಹೊರಗೆ ನದಿಯ ಪಾತ್ರ ಹೂಳಿನಿಂದ ಮೇಲೇರಿತು. ಉಬ್ಬರದ ವೇಳೆ ಒಡ್ಡಿನ ಮೇಲೆ ನಿಂತು ನೋಡಿದರೆ ಒಂದು ಬದಿಯಲ್ಲಿ ನದಿಯ ನೀರು ಎತ್ತರದಲ್ಲಿ, ಇನ್ನೊಂದು ಬದಿಯಲ್ಲಿ ಗುಡಿಸಲಿನ ಅಂಗಳ ತಗ್ಗಿನಲ್ಲಿ ಕಾಣುವುದು ಈ ಕಾರಣದಿಂದ. ಸುಮಾರು 3,500 ಕಿಲೋಮೀಟರು ಉದ್ದದ ಒಡ್ಡುಗಳು ಇಂದು ಆ ದ್ವೀಪಗಳ ಪ್ರಾಣರಕ್ಷೆಯಾಗಿವೆ.

ಪ್ರಕೃತಿಯು ಎಚ್ಚರಿಕೆ ಕೊಡಲಿಲ್ಲವೆಂದಲ್ಲ. ಹೂಗ್ಲಿ ನದಿಯಲ್ಲಿ ಹೂಳು ತುಂಬುತ್ತಿದೆಯೆಂಬ ಭಯದಿಂದ ಕಂಪನಿ ಸರ್ಕಾರವು ಮಾತ್ಲಾ ನದಿಯ ದಡದಲ್ಲಿ ಹೊಸ ಬಂದರನ್ನು ಕಟ್ಟಲು ಆಲೋಚಿಸಿದಾಗ, ಹೆನ್ರಿ ಪಿಡಿಂಗ್ಟನ್ ಎಂಬ ವಿದ್ವಾಂಸನು 1853ರಲ್ಲಿ ಗವರ್ನರ್ ಜನರಲ್‌ಗೆ ಬಹಿರಂಗ ಪತ್ರ ಬರೆದು, ಒಂದಲ್ಲ ಒಂದು ದಿನ ಬಿರುಗಾಳಿಯೊಡನೆ ಬರುವ ಸಮುದ್ರದ ಅಲೆಯು ಆ ಊರನ್ನು ಮುಳುಗಿಸುವುದೆಂದು ತಿಳಿಸಿದನು. ‘ಸೈಕ್ಲೋನ್’ ಎಂಬ ಶಬ್ದವನ್ನು ಇಂಗ್ಲಿಷಿಗೆ ಕೊಟ್ಟವನು ಈ ಪಿಡಿಂಗ್ಟನ್ನನೇ. ಅವನ ಮಾತನ್ನು ಯಾರೂ ಕೇಳಲಿಲ್ಲ. ಗವರ್ನರ್ ಜನರಲ್ ಕ್ಯಾನಿಂಗನ ಹೆಸರಿನಲ್ಲಿ ಬಂದರು ಎದ್ದಿತು, ರೈಲು ಬಂತು. 1867ರ ನವೆಂಬರ್ ಮೊದಲ ದಿನದ ಬಿರುಗಾಳಿ ಅದನ್ನು ನೆಲಕ್ಕೆ ಕೆಡವಿತು. ಕೆಲವೇ ವರ್ಷಗಳಲ್ಲಿ ಬಂದರನ್ನು ಕೈಬಿಡಲಾಯಿತು. ಊರಿನ ಹೆಸರು ಮಾತ್ರ ಇಂದಿಗೂ ಕ್ಯಾನಿಂಗ್ ಎಂದೇ ಇದೆ. ಸುಂದರಬನಕ್ಕೆ ಹೋಗುವವರು ಕಲ್ಕತ್ತೆಯಿಂದ ಅಲ್ಲಿಗೇ ರೈಲು ಹತ್ತುತ್ತಾರೆ.

1870ರ ದಶಕದಲ್ಲಿ ಎರಡನೆಯ ಗೆರೆ ಬಂತು. ಮರಮಟ್ಟಿಗೆ ಬೆಲೆಯುಂಟೆಂದು ಸರ್ಕಾರಕ್ಕೆ ಮನವರಿಕೆಯಾದ ಮೇಲೆ, ಉಳಿದ ಕಾಡಿನ ದೊಡ್ಡ ಭಾಗವನ್ನು ಮೀಸಲು ಅರಣ್ಯವೆಂದೂ ರಕ್ಷಿತ ಅರಣ್ಯವೆಂದೂ ಘೋಷಿಸಲಾಯಿತು. ಅಂದಿನಿಂದ ಜೇನು ತರುವ ಮೌಲಿ, ಮರ ಕಡಿಯುವ ಬಾವಾಲಿ, ಮೀನು ಹಿಡಿಯುವ ಜೇಲೆ ಇವರೆಲ್ಲರೂ ಪರವಾನಗಿ ಪಡೆದು ಸುಂಕ ತೆತ್ತು ಕಾಡಿಗೆ ಹೋಗಬೇಕಾಯಿತು. ಒಂದು ವೈಚಿತ್ರ್ಯವನ್ನು ನೋಡಿ. ಗೆರೆಯ ಉತ್ತರದಲ್ಲಿ ಕಾಡು ಕಡಿದವನಿಗೆ ಸರ್ಕಾರವು ಭೂಮಿ ಕೊಟ್ಟು ಪ್ರೋತ್ಸಾಹಿಸಿತು. ದಕ್ಷಿಣದಲ್ಲಿ ಕಟ್ಟಿಗೆ ಕಡಿದವನನ್ನು ಅದೇ ಸರ್ಕಾರವು ಕಳ್ಳನೆಂದು ಹಿಡಿಯಿತು. ಕೊಡಲಿ ಒಂದೇ, ಕೈಯೂ ಒಂದೇ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇಲ್ಲಿಗೆ ಬಂದ ಒಬ್ಬ ವ್ಯಕ್ತಿಯನ್ನು ಮರೆಯುವಂತಿಲ್ಲ. ಅವರು ಸ್ಕಾಟ್ಲೆಂಡಿನ ಡೇನಿಯಲ್ ಹ್ಯಾಮಿಲ್ಟನ್. ಕಲ್ಕತ್ತೆಯ ಪ್ರಸಿದ್ಧ ಹಡಗು ವ್ಯಾಪಾರದ ಸಂಸ್ಥೆಯೊಂದರ ಮುಖ್ಯಸ್ಥರಾಗಿದ್ದ ಅವರು 1903ರಲ್ಲಿ ಗೋಸಾಬಾ, ರಂಗಬೇಲಿಯಾ, ಸಾತ್‌ಜೇಲಿಯಾ ಪ್ರದೇಶಗಳನ್ನು ಸರ್ಕಾರದಿಂದ ಗುತ್ತಿಗೆ ಪಡೆದರು. ಸಾಹುಕಾರರ ಬಡ್ಡಿಯ ಕಾಟವಿಲ್ಲದ, ಸಹಕಾರದ ತತ್ತ್ವದ ಮೇಲೆ ನಿಂತ ಊರುಗಳನ್ನು ಕಟ್ಟಬೇಕೆಂಬುದು ಅವರ ಕನಸು. ಸಹಕಾರಿ ಪತ್ತಿನ ಸಂಘ, ಸಹಕಾರಿ ಭಂಡಾರ, ಅಕ್ಕಿಯ ಗಿರಣಿ, ಶಾಲೆ, ಔಷಧಾಲಯ ಎಲ್ಲವೂ ಎದ್ದವು. 1932ರ ಡಿಸೆಂಬರಿನಲ್ಲಿ ರವೀಂದ್ರನಾಥ ಠಾಕೂರರು ಗೋಸಾಬಾಕ್ಕೆ ಬಂದು ಇದನ್ನು ಕಣ್ಣಾರೆ ಕಂಡರು. 1936ರಲ್ಲಿ ಹ್ಯಾಮಿಲ್ಟನ್ ತಮ್ಮದೇ ಒಂದು ರೂಪಾಯಿಯ ನೋಟನ್ನು ಅಚ್ಚು ಹಾಕಿಸಿ ತಮ್ಮ ಜಮೀನಿನ ಎಲ್ಲೆಯೊಳಗೆ ಚಲಾವಣೆಗೆ ತಂದರು. ಅವರು 1939ರಲ್ಲಿ ತೀರಿಕೊಂಡರು. ಇಂದು ಗೋಸಾಬಾದಲ್ಲಿ ಅವರ ಬಂಗಲೆಯನ್ನು ಪ್ರವಾಸಿಗಳಿಗೆ ತೋರಿಸುತ್ತಾರೆ. ಕಾಡನ್ನು ಕಡಿದು, ಒಡ್ಡನ್ನು ಕಟ್ಟಿ, ದಿಕ್ಕಿಲ್ಲದವರಿಗೆ ನೆಲೆ ಕೊಟ್ಟ ಮಹಾನುಭಾವರೆಂದು ಅವರನ್ನು ಗೌರವಿಸುವುದು ನ್ಯಾಯವೇ. ಈ ಗೌರವವನ್ನು ನೆನಪಿನಲ್ಲಿಡಿ. ಮುಂದಿನ ಕಥೆಗೆ ಬೇಕಾಗುತ್ತದೆ.

ಎಲ್ಲ ಲಾಟುಗಳೂ ಹ್ಯಾಮಿಲ್ಟನ್ನರದಾಗಿರಲಿಲ್ಲ. ಬೇರೆಡೆಗಳಲ್ಲಿ ಕಾಡು ಕಡಿದ ರೈತನೇ ಗೇಣಿದಾರನಾಗಿ ಬೆಳೆಯ ಅರ್ಧವನ್ನು ಧಣಿಗೆ ಅಳೆಯುತ್ತಿದ್ದನು. 1946ರಲ್ಲಿ ಬಂಗಾಳದಾದ್ಯಂತ ಎದ್ದ ತೇಭಾಗಾ ಚಳವಳಿಯು, ಅಂದರೆ ಬೆಳೆಯ ಮೂರರಲ್ಲಿ ಎರಡು ಪಾಲು ದುಡಿದವನಿಗೆ ಎಂಬ ಹೋರಾಟವು, ಸುಂದರಬನದ ಕಾಕ್‌ದ್ವೀಪದಲ್ಲಿ ತೀವ್ರ ಸ್ವರೂಪ ತಾಳಿತು. ಮರುವರ್ಷ ದೇಶ ಸ್ವತಂತ್ರವಾಯಿತು, ಹೋಳೂ ಆಯಿತು. ಮೂರನೆಯ ಗೆರೆಯನ್ನು ರ‍್ಯಾಡ್‌ಕ್ಲಿಫ್ ಎಳೆದರು. ಖುಲನಾ ಜಿಲ್ಲೆ ಪಾಕಿಸ್ತಾನಕ್ಕೆ ಹೋಯಿತು; ಒಂದೇ ಕಾಡು ಎರಡು ದೇಶಗಳದಾಯಿತು. ಹುಲಿಗಳು ನದಿಯನ್ನು ಈಜಿ ಹಿಂದಿನಂತೆಯೇ ಓಡಾಡಿಕೊಂಡಿದ್ದವು. ಮನುಷ್ಯರು ನಿರಾಶ್ರಿತರಾದರು.

ಇಲ್ಲಿ ಸ್ವಲ್ಪ ನಿಂತು ಅಲ್ಲಿನ ಜನರ ನಂಬಿಕೆಯ ಮಾತನ್ನು ಹೇಳಬೇಕು. ಸರ್ಕಾರ ಎಳೆದ ಗೆರೆಗಳಿಗಿಂತ ಬೇರೆಯಾದ ಗೆರೆಯೊಂದು ಅವರ ಮನಸ್ಸಿನಲ್ಲಿದೆ. ಕಾಡಿಗೆ ಹೋಗುವವರು, ಹಿಂದೂವಾಗಲಿ ಮುಸಲ್ಮಾನನಾಗಲಿ, ಬನಬೀಬಿಯನ್ನು ನೆನೆಯುತ್ತಾರೆ. ಬನಬೀಬಿಯು ತಮ್ಮನಾದ ಶಾಹ್ ಜಂಗಲಿಯೊಡನೆ ಅರಬ್ ದೇಶದಿಂದ ಬಂದವಳೆಂದು ಕಥೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಅಚ್ಚಾದ ‘ಬನಬೀಬಿ ಜಹುರಾನಾಮಾ’ ಎಂಬ ಕಾವ್ಯದ ಭಾಷೆ ಬಂಗಾಳಿ. ಪುಟಗಳು ಮಾತ್ರ ಅರಬ್ಬಿ ಪುಸ್ತಕದಂತೆ ಬಲದಿಂದ ಎಡಕ್ಕೆ ಸಾಗುತ್ತವೆ. ವಿಧವೆಯೊಬ್ಬಳ ಮಗ ದುಖೆ ಎಂಬ ಬಡ ಹುಡುಗನನ್ನು ಧೋನಾ ಎಂಬ ಜೇನು ವ್ಯಾಪಾರಿ ಕಾಡಿಗೆ ಕರೆದೊಯ್ಯುತ್ತಾನೆ. ಹುಲಿಯ ರೂಪದ ದಕ್ಷಿಣರಾಯನು ದೋಣಿಗಟ್ಟಲೆ ಜೇನು, ಮೇಣ ಕೊಡುವ ಆಸೆ ತೋರಿಸಿ ಹುಡುಗನನ್ನು ಬಲಿಯಾಗಿ ಕೇಳುತ್ತಾನೆ. ಧೋನಾ ಒಪ್ಪಿ ಹುಡುಗನನ್ನು ದ್ವೀಪದಲ್ಲಿ ಬಿಟ್ಟುಬರುತ್ತಾನೆ. ದುಖೆಯು ತಾಯಿ ಹೇಳಿಕೊಟ್ಟಂತೆ ಬನಬೀಬಿಯನ್ನು ಕೂಗಲು ಆಕೆ ಬಂದು ಕಾಪಾಡುತ್ತಾಳೆ. ದಕ್ಷಿಣರಾಯನನ್ನು ಆಕೆ ಕೊಲ್ಲುವುದಿಲ್ಲ. ಅವನಿಗೂ ಕಾಡಿನಲ್ಲಿ ಪಾಲುಂಟು. ಮನುಷ್ಯನು ಹೊಟ್ಟೆಪಾಡಿಗಾಗಿ, ದುರಾಸೆಯಿಲ್ಲದ ಮನಸ್ಸಿನಿಂದ ಹೋದರೆ ಮಾತ್ರ ಆಕೆಯ ರಕ್ಷೆ. ತುಳುನಾಡಿನಲ್ಲಿ ಬಪ್ಪ ಬ್ಯಾರಿಯ ಹೆಸರಿನೊಂದಿಗೆ ಬೆಸೆದ ಬಪ್ಪನಾಡಿನ ದುರ್ಗೆಯನ್ನೂ, ಉತ್ತರ ಕನ್ನಡದ ಕಾಡಂಚಿನ ಹುಲಿದೇವರ ಕಲ್ಲುಗಳನ್ನೂ ಬಲ್ಲ ನಮಗೆ ಈ ಕಥೆ ತೀರ ಪರಕೀಯವೆನಿಸದು.

ಏಪ್ರಿಲ್ ತಿಂಗಳಲ್ಲಿ ಹೆಜ್ಜೇನು ಕಟ್ಟುವ ಕಾಲಕ್ಕೆ ಮೌಲಿಗಳ ದೋಣಿಗಳು ಕಾಡಿಗೆ ಹೊರಡುತ್ತವೆ. ಅವರು ಮರಳುವವರೆಗೆ ಮನೆಯಲ್ಲಿ ಹೆಂಡತಿ ತಲೆ ಬಾಚುವುದಿಲ್ಲ, ಅಲಂಕಾರ ಮಾಡಿಕೊಳ್ಳುವುದಿಲ್ಲ. ವಿಧವೆಯಂತೆ ದಿನ ಕಳೆಯುತ್ತಾಳೆ. ನಿಜವಾಗಿಯೂ ವಿಧವೆಯಾಗದಿರಲಿ ಎಂಬ ಹರಕೆ ಅದು. ಹಾಗಿದ್ದೂ ಹುಲಿಗೆ ಬಲಿಯಾದವರ ಪತ್ನಿಯರು ಆ ದ್ವೀಪಗಳ ಅನೇಕ ಊರುಗಳಲ್ಲಿದ್ದಾರೆ. ‘ಬಾಘ್ ವಿಧವಾ’, ಅಂದರೆ ಹುಲಿಯ ವಿಧವೆ ಎಂಬ ಹೆಸರೇ ಅವರಿಗೆ ಅಂಟಿಕೊಂಡಿದೆ.

ಈಗ ನಾಲ್ಕನೆಯ ಗೆರೆ. 1973ರಲ್ಲಿ ಭಾರತ ಸರ್ಕಾರ ಹುಲಿ ಯೋಜನೆಯನ್ನು ಆರಂಭಿಸಿತು. ಮೊದಲ ಒಂಬತ್ತು ಮೀಸಲು ಪ್ರದೇಶಗಳಲ್ಲಿ ನಮ್ಮ ಬಂಡೀಪುರವೂ ಒಂದು, ಸುಂದರಬನವೂ ಒಂದು. ಸುಂದರಬನದ ಹುಲಿ ಮೀಸಲು ಪ್ರದೇಶದ ವಿಸ್ತೀರ್ಣ ಆಗ 2,585 ಚದರ ಕಿಲೋಮೀಟರು ಇತ್ತು. 1984ರಲ್ಲಿ ಅದರ ಒಳಭಾಗ ರಾಷ್ಟ್ರೀಯ ಉದ್ಯಾನವಾಯಿತು. 1987ರಲ್ಲಿ ಯುನೆಸ್ಕೋ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. 1989ರಲ್ಲಿ 9,630 ಚದರ ಕಿಲೋಮೀಟರುಗಳ ಜೀವಗೋಳ ಮೀಸಲು ಪ್ರದೇಶ ಘೋಷಿತವಾಯಿತು. 2019ರಲ್ಲಿ ರಾಮ್ಸಾರ್ ಪಟ್ಟಿಗೂ ಸೇರಿತು. ಬಾಂಗ್ಲಾದೇಶದ ಭಾಗವು 1997ರಲ್ಲಿ ವಿಶ್ವ ಪರಂಪರೆಯಾಯಿತು. ಈ ರಕ್ಷಣೆಯಿಂದ ಹುಲಿ ಉಳಿಯಿತೆಂಬುದು ನಿರ್ವಿವಾದ. 2022ರ ಗಣತಿಯಂತೆ ಭಾರತದ ಸುಂದರಬನದಲ್ಲಿ ಸುಮಾರು ನೂರು ಹುಲಿಗಳಿದ್ದವು. 2024ರಲ್ಲಿ ಬಾಂಗ್ಲಾದೇಶ ಪ್ರಕಟಿಸಿದ ಎಣಿಕೆ 125. ಲೋಕದಲ್ಲಿ ಮ್ಯಾಂಗ್ರೋವ್ ಕಾಡಿನಲ್ಲಿ ಈ ಪ್ರಮಾಣದಲ್ಲಿ ಹುಲಿಗಳಿರುವುದು ಇಲ್ಲಿ ಮಾತ್ರ. ಆ ಸಂತೋಷವನ್ನು ಕಡಿಮೆ ಮಾಡುವ ಉದ್ದೇಶ ನನಗಿಲ್ಲ. ಆದರೆ ಅದರ ಜೊತೆಗೆ 1979ನೆಯ ವರ್ಷವನ್ನೂ ಓದಬೇಕು.

ಪೂರ್ವ ಪಾಕಿಸ್ತಾನದಿಂದ ಬಂದ ಬಡ ನಿರಾಶ್ರಿತರಲ್ಲಿ, ಮುಖ್ಯವಾಗಿ ನಾಮಶೂದ್ರರಲ್ಲಿ, ಬಹಳ ಮಂದಿಯನ್ನು ಸರ್ಕಾರವು 1950ರ ದಶಕದ ಅಂತ್ಯದಿಂದ ದಂಡಕಾರಣ್ಯದ ಒಣ ಸೀಮೆಗೆ ಕಳುಹಿಸಿತ್ತು. ನೀರಿನ ನಾಡಿನಲ್ಲಿ ಹುಟ್ಟಿ ದೋಣಿ, ಬಲೆ, ಭತ್ತ ಬಿಟ್ಟು ಬೇರೆ ತಿಳಿಯದ ಜನರಿಗೆ ಆ ಕಲ್ಲು ನೆಲ ಒಗ್ಗಲಿಲ್ಲ. ವಿರೋಧ ಪಕ್ಷದಲ್ಲಿದ್ದಾಗ ಎಡಪಕ್ಷಗಳು ಇವರನ್ನು ಬಂಗಾಳದಲ್ಲಿಯೇ ನೆಲೆಗೊಳಿಸಬೇಕೆಂದು ವಾದಿಸಿದ್ದವು. 1977ರಲ್ಲಿ ಎಡರಂಗವು ಅಧಿಕಾರಕ್ಕೆ ಬಂದಾಗ ನಿರಾಶ್ರಿತರು ಆ ಮಾತನ್ನು ನಂಬಿ, ಇದ್ದುದನ್ನು ಮಾರಿ, ಸಾವಿರಾರು ಸಂಖ್ಯೆಯಲ್ಲಿ ಹೊರಟುಬಂದರು. ಅನೇಕರನ್ನು ದಾರಿಯಲ್ಲಿಯೇ ಹಿಂದಕ್ಕೆ ಅಟ್ಟಲಾಯಿತು. ಸುಮಾರು 30,000 ಜನರು 1978ರಲ್ಲಿ ಮರೀಚ್‌ಝಾಂಪಿ ಎಂಬ ದ್ವೀಪವನ್ನು ಸೇರಿದರು. ಸರ್ಕಾರದ ಹಣ ಬೇಡ, ನೆಲ ಸಾಕು ಎಂದರು. ಒಡ್ಡು ಕಟ್ಟಿದರು, ಕೊಳವೆಬಾವಿ ತೋಡಿದರು, ಮೀನಿನ ಕೃಷಿ ಮಾಡಿದರು, ಶಾಲೆ ತೆರೆದರು, ಔಷಧಾಲಯ ತೆರೆದರು. ಎಪ್ಪತ್ತೈದು ವರ್ಷಗಳ ಹಿಂದೆ ಹ್ಯಾಮಿಲ್ಟನ್ ಮಾಡಿಸಿದ್ದನ್ನೇ ಇವರು ಹಣವಂತ ಧಣಿಯ ನೆರವಿಲ್ಲದೆ ತಮ್ಮ ಕೈಯಿಂದಲೇ ಮಾಡಿದರು.

ಆದರೆ ಈಗ ಗೆರೆ ಬದಲಾಗಿತ್ತು. ಇದು ಮೀಸಲು ಅರಣ್ಯ, ಹುಲಿಯ ನೆಲ, ಇಲ್ಲಿ ಊರು ಕಟ್ಟುವುದು ಅಪರಾಧ ಎಂದಿತು ಸರ್ಕಾರ. ಆ ದ್ವೀಪದ ಭಾಗದಲ್ಲಿ ಕೆಲವೇ ವರ್ಷಗಳ ಹಿಂದೆ ಸರ್ಕಾರವೇ ಕಾಡು ತೆಗೆಸಿ ತೆಂಗಿನ ಸಸಿ ನೆಡಿಸಿತ್ತು ಎಂಬುದು ಆಗ ಲೆಕ್ಕಕ್ಕೆ ಬರಲಿಲ್ಲ. 1979ರ ಜನವರಿ 24ರಂದು ನಿಷೇಧಾಜ್ಞೆ ಜಾರಿಯಾಗಿ, ಪೊಲೀಸ್ ದೋಣಿಗಳು ದ್ವೀಪವನ್ನು ಸುತ್ತುವರಿದವು. ಅಕ್ಕಿ, ಔಷಧ, ಕುಡಿಯುವ ನೀರು ಬರುವುದು ನಿಂತಿತು. ಜನವರಿ 31ರಂದು ಗೋಲಿಬಾರ್ ಆಯಿತು. ಮೇ ತಿಂಗಳ ಮಧ್ಯದಲ್ಲಿ ಗುಡಿಸಲುಗಳಿಗೆ ಬೆಂಕಿಯಿಟ್ಟು, ಉಳಿದವರನ್ನು ದೋಣಿ, ಲಾರಿಗಳಲ್ಲಿ ತುಂಬಿ ಹಿಂದಕ್ಕೆ ಸಾಗಿಸಲಾಯಿತು. ಸರ್ಕಾರ ಒಪ್ಪಿಕೊಂಡ ಸಾವಿನ ಸಂಖ್ಯೆ ಎರಡು. ಗುಂಡಿಗೆ, ಹಸಿವಿಗೆ, ರೋಗಕ್ಕೆ ಸತ್ತವರು ನೂರಾರು ಎಂದು ಕೆಲವರು, ಸಾವಿರಾರು ಎಂದು ಇನ್ನು ಕೆಲವರು ಹೇಳುತ್ತಾರೆ. ಸತ್ತವರ ಪಟ್ಟಿಯನ್ನು ಸರ್ಕಾರ ಮಾಡಲೇ ಇಲ್ಲ. ಅಮಿತಾವ್ ಘೋಷ್ ತಮ್ಮ ‘ದಿ ಹಂಗ್ರಿ ಟೈಡ್’ ಕಾದಂಬರಿಯಲ್ಲಿ 2004ರಲ್ಲಿ ಈ ಪ್ರಸಂಗವನ್ನು ತಂದ ಮೇಲೆಯೇ ಹೊರಗಿನ ಬಹುಮಂದಿಗೆ ಆ ದ್ವೀಪದ ಹೆಸರು ತಿಳಿಯಿತು. ಮಾನವಶಾಸ್ತ್ರಜ್ಞೆ ಅನ್ನು ಜಲೇ ಅವರು ದ್ವೀಪವಾಸಿಗಳ ನಡುವೆ ಬಾಳಿ, ಅಂದಿನಿಂದ ಹುಲಿಗಳು ಪ್ರಜೆಗಳಾದವು, ತಾವು ಹುಲಿಯ ಆಹಾರವಾದೆವು ಎಂದು ಅಲ್ಲಿನ ಜನರು ಭಾವಿಸುವುದನ್ನು ದಾಖಲಿಸಿದ್ದಾರೆ.

ಇದೇ ಜನರ ಇನ್ನೊಂದು ಕವಲು ನಮ್ಮ ನಾಡಿನಲ್ಲಿಯೇ ಇದೆ. ರಾಯಚೂರು ಜಿಲ್ಲೆಯ ಸಿಂಧನೂರಿನ ಸಮೀಪದ ಪುನರ್ವಸತಿ ಕ್ಯಾಂಪುಗಳಲ್ಲಿ ಪೂರ್ವ ಬಂಗಾಳದಿಂದ ಬಂದ ಕುಟುಂಬಗಳಿಗೆ ಕೇಂದ್ರ ಸರ್ಕಾರ ನೆಲೆ ಕೊಟ್ಟಿತು. ಆ ಭಾಗದಲ್ಲಿ ಉದ್ಯೋಗದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಗಳು ತುಂಗಭದ್ರಾ ಕಾಲುವೆಯ ಸೀಮೆಯಲ್ಲಿ ನಡೆಯುವ ದುರ್ಗಾಪೂಜೆಯನ್ನು ನೋಡಿರಬಹುದು. ಕಾಲುವೆಯ ನೀರೂ ಕೈಯಲ್ಲೊಂದು ಹಕ್ಕುಪತ್ರವೂ ಇದ್ದಲ್ಲಿ ಅದೇ ನಿರಾಶ್ರಿತರು ರೈತರಾದರು. ಅವೆರಡೂ ಇಲ್ಲದಲ್ಲಿ ಅತಿಕ್ರಮಣಕಾರರಾದರು. ಜನರಲ್ಲಿ ವ್ಯತ್ಯಾಸವಿರಲಿಲ್ಲ.

ಇಂದಿನ ಸ್ಥಿತಿಯೇನು? ಸುಂದರಬನದ ಹುಲಿ ಮೀಸಲು ಪ್ರದೇಶದಲ್ಲಿ ಮೀನು, ಏಡಿ ಹಿಡಿಯಲು ದೋಣಿಯ ಪರವಾನಗಿ ಬೇಕು. ಬಹಳ ಹಿಂದೆ ಕೊಟ್ಟ ಪರವಾನಗಿಗಳು ಒಂಬೈನೂರು ಚಿಲ್ಲರೆ ಮಾತ್ರ. ಅವುಗಳಲ್ಲಿ ಹಲವು ಈಗ ಮೀನು ಹಿಡಿಯದವರ ಕೈಯಲ್ಲಿದ್ದು, ಬಡ ಬೆಸ್ತನು ಅವುಗಳನ್ನು ಬಾಡಿಗೆಗೆ ಪಡೆಯುತ್ತಾನೆ. ಪರವಾನಗಿಯಿಲ್ಲದೆ ಅಥವಾ ನಿಷಿದ್ಧ ಭಾಗದಲ್ಲಿ ಹುಲಿಗೆ ಸಿಕ್ಕಿ ಸತ್ತರೆ ಮನೆಯವರು ಪರಿಹಾರ ಕೇಳಲೂ ಹೆದರುತ್ತಿದ್ದರು, ಕೇಳಿದರೆ ತಪ್ಪೊಪ್ಪಿಕೊಂಡಂತೆ. 2023ರಲ್ಲಿ ಕಲ್ಕತ್ತಾ ಉಚ್ಚ ನ್ಯಾಯಾಲಯವು ಸತ್ತವನು ಯಾವ ಭಾಗದಲ್ಲಿ ಸತ್ತನೆಂಬುದನ್ನು ನೆಪಮಾಡದೆ ವಿಧವೆಗೆ ಪರಿಹಾರ ಕೊಡಬೇಕೆಂದು ತೀರ್ಪಿತ್ತಿತು. ಗೆರೆಗಿಂತ ಮನುಷ್ಯನ ಜೀವ ದೊಡ್ಡದೆಂದು ನ್ಯಾಯಪೀಠವೊಂದು ಹೇಳಿದ್ದು ಸಮಾಧಾನದ ಸಂಗತಿ. 2025ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ವನ್ಯಜೀವಿ ಮಂಡಳಿಯು ಹುಲಿ ಮೀಸಲು ಪ್ರದೇಶಕ್ಕೆ ಇನ್ನೂ ಸಾವಿರ ಚದರ ಕಿಲೋಮೀಟರಿಗಿಂತ ಹೆಚ್ಚು ಕಾಡನ್ನು ಸೇರಿಸಲು ಒಪ್ಪಿಗೆ ಕೊಟ್ಟಿತು. ಗೆರೆ ಮತ್ತೊಮ್ಮೆ ಸರಿಯುತ್ತಿದೆ.

ಇದರ ನಡುವೆ ಸಮುದ್ರವೂ ತನ್ನ ಗೆರೆಯನ್ನು ಸರಿಸುತ್ತಿದೆ. ಲೋಹಾಚರಾ ಎಂಬ ಜನವಸತಿಯ ದ್ವೀಪ ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ನೀರುಪಾಲಾಯಿತು. ನೆರೆಯ ಘೋಡಾಮಾರಾ ವರ್ಷ ವರ್ಷ ಸವೆಯುತ್ತಿದೆ. 2009ರ ಮೇ 25ರಂದು ಬಂದ ಐಲಾ ಚಂಡಮಾರುತವು ಒಡ್ಡುಗಳನ್ನು ನೂರಾರು ಕಿಲೋಮೀಟರು ಉದ್ದಕ್ಕೆ ಒಡೆಯಿತು. ಉಪ್ಪುನೀರು ನಿಂತ ಗದ್ದೆಗಳಲ್ಲಿ ವರ್ಷಗಟ್ಟಲೆ ಬೆಳೆಯಾಗಲಿಲ್ಲ. ಅಧಿಕ ಇಳುವರಿಯ ತಳಿಗಳು ಬಂದ ಮೇಲೆ ಉಪ್ಪು ತಾಳುವ ನಾಟಿ ಭತ್ತಗಳನ್ನು ಜನರು ಕೈಬಿಟ್ಟಿದ್ದರು; ಈಗ ಅವುಗಳ ಬೀಜಕ್ಕಾಗಿ ಹುಡುಕಾಡಬೇಕಾಯಿತು. ನಮ್ಮ ಗಜನಿಯ ಕಗ್ಗ ಭತ್ತವನ್ನು ಇನ್ನೂ ಉಳಿಸಿಕೊಂಡಿರುವ ಅಘನಾಶಿನಿ ತೀರದ ರೈತರು ಎಂತಹ ಆಸ್ತಿಯನ್ನು ಕಾಪಾಡಿದ್ದಾರೆಂಬುದು ಇದರಿಂದ ತಿಳಿಯುತ್ತದೆ. ಐಲಾದ ನಂತರ ಗಂಡಸರು ಕೇರಳಕ್ಕೆ, ಬೆಂಗಳೂರಿಗೆ, ಅಂಡಮಾನಿಗೆ ಕಟ್ಟಡದ ಕೆಲಸ ಹುಡುಕಿಕೊಂಡು ಹೊರಟರು. 2020ರ ಮೇ 20ರಂದು ಅಂಫಾನ್ ಬಂದಾಗ ಲಾಕ್‌ಡೌನಿನಿಂದ ಕೆಲಸ ಕಳೆದುಕೊಂಡು ಊರಿಗೆ ಮರಳಿದ್ದವರ ಮನೆಗಳೂ ಹಾರಿಹೋದವು. ಮರುವರ್ಷ ಯಾಸ್ ಬಂತು. ಒಡ್ಡಿನ ಹೊರಬದಿಯಲ್ಲಿ ಕಾಂಡ್ಲಾ ದಟ್ಟವಾಗಿ ಬೆಳೆದಿದ್ದಲ್ಲಿ ಅಲೆಯ ಹೊಡೆತ ಕಡಿಮೆಯಾಯಿತೆಂಬುದನ್ನು ಕಂಡ ಊರಿನ ಹೆಂಗಸರು ಈಗ ಗುಂಪುಕಟ್ಟಿಕೊಂಡು ಕೆಸರಿನಲ್ಲಿ ಸಸಿ ನೆಡುತ್ತಿದ್ದಾರೆ. ಒಂದು ಕಾಲಕ್ಕೆ ಅವರ ಹಿರಿಯರನ್ನು ಕರೆತಂದದ್ದು ಆ ಮರಗಳನ್ನು ಕಡಿಯುವುದಕ್ಕೆ.

ಈ ಚರಿತ್ರೆಯಿಂದ ನಾನು ತಿಳಿದುಕೊಂಡದ್ದನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಕಾಡು ಉಳಿಯಬೇಕು, ಸುಂದರಬನವಿಲ್ಲದಿದ್ದರೆ ಕಲ್ಕತ್ತೆಗೆ ಬಿರುಗಾಳಿಯಿಂದ ರಕ್ಷಣೆಯಿಲ್ಲ. ಅದಕ್ಕೆ ಗೆರೆಯೂ ಬೇಕಾದೀತು. ಆದರೆ ಕಂದಾಯಕ್ಕಾಗಿ ಎಳೆದ ಗೆರೆಯಲ್ಲಿಯೂ, ಮರಮಟ್ಟಿಗಾಗಿ ಎಳೆದ ಗೆರೆಯಲ್ಲಿಯೂ, ಹುಲಿಗಾಗಿ ಎಳೆದ ಗೆರೆಯಲ್ಲಿಯೂ ಒಂದು ದೋಷ ಸಮಾನವಾಗಿದೆ: ಗೆರೆಯ ಮೇಲೆಯೇ ಬದುಕುತ್ತಿದ್ದವರನ್ನು ಯಾರೂ ಕೇಳಲಿಲ್ಲ. ನಿಮ್ಮಲ್ಲಿ ಹಲವರು ಇಂದು ಅರಣ್ಯ, ಕಂದಾಯ, ಮೀನುಗಾರಿಕೆ ಇಲಾಖೆಗಳಲ್ಲಿ ಜವಾಬ್ದಾರಿಯ ಸ್ಥಾನಗಳಲ್ಲಿದ್ದೀರಿ. ನಕ್ಷೆಯೊಂದು ನಿಮ್ಮ ಮೇಜಿನ ಮೇಲೆ ಸಹಿಗೆ ಬಂದಾಗ, ಅದರಲ್ಲಿ ತೋರಿಸದಿರುವ ಮನೆಗಳೆಷ್ಟು, ದೋಣಿಗಳೆಷ್ಟು ಎಂದು ಒಮ್ಮೆ ಕೇಳಿ ತಿಳಿದುಕೊಳ್ಳಿ. ಇದು ಮೇಷ್ಟರ ಉಪದೇಶವೆಂದು ಭಾವಿಸಬೇಡಿ, ಹಿರಿಯನ ಕೋರಿಕೆಯೆಂದು ಭಾವಿಸಿ.

ಇನ್ನು ಗಂಗಾಸಾಗರಕ್ಕೆ ಹೊರಡುವ ಬಂಧುಗಳಲ್ಲಿಯೂ ಒಂದು ವಿನಂತಿ. ಲಾಟ್ ನಂಬರ್ 8ರಲ್ಲಿ ದೋಣಿಗಾಗಿ ಕಾಯುವಾಗ ಸಮಯವಿದ್ದರೆ ಒಡ್ಡಿನ ಮೇಲೆ ಸ್ವಲ್ಪ ದೂರ ನಡೆದು ನೋಡಿ. ಹೊರಬದಿಯ ನೀರಿನ ಮಟ್ಟವನ್ನೂ ಒಳಬದಿಯ ಅಂಗಳದ ಮಟ್ಟವನ್ನೂ ಹೋಲಿಸಿ. ಅಲ್ಲಿ ಯಾರಾದರೂ ಮಣ್ಣು ಹೊತ್ತು ಒಡ್ಡನ್ನು ಸರಿಮಾಡುತ್ತಿದ್ದರೆ ನಿಂತು ಎರಡು ಮಾತನಾಡಿಸಿ. ಬೆಂಗಳೂರಿನಲ್ಲಿ ಕೆಲಸ ಮಾಡಿ ಬಂದವರು ಸಿಕ್ಕರೆ ನಾಲ್ಕು ಕನ್ನಡದ ಮಾತನ್ನೂ ಆಡಿಯಾರು.